64 ಜಿಬಿ ರ‍್ಯಾಮ್‌ಗೆ ನಾಲ್ಕು ಸ್ಟಿಕ್ಕೋ, ಎರಡು ಸ್ಟಿಕ್ಕೋ?

ಹೊಸ ಡೆಸ್ಕ್‌ಟಾಪ್‌ಗೆ 64 ಜಿಬಿ ರ‍್ಯಾಮ್ ಬೇಕಿದ್ದರೆ 32 ಜಿಬಿಯ ಎರಡು ಸ್ಟಿಕ್‌ಗಳನ್ನು (ರ‍್ಯಾಮ್ ಪಟ್ಟಿಗಳನ್ನು) ಒಂದೇ ಡಬ್ಬಿಯಲ್ಲಿ ಜೋಡಿಯಾಗಿ ಮಾರುವ ಕಿಟ್ ಕೊಳ್ಳಬೇಕು, 16 ಜಿಬಿಯ ನಾಲ್ಕು ಸ್ಟಿಕ್‌ಗಳ ಗೊಡವೆಗೆ ಹೋಗಬಾರದು. ಒಂದೇ ಯಂತ್ರದಲ್ಲಿ ಎರಡನ್ನೂ, ಜೊತೆಗೆ ಇನ್ನೆರಡು ಬಗೆಯ ಕಿಟ್‌ಗಳನ್ನೂ ಹಾಕಿ ನೋಡಿದ ಮೇಲೆ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಕೊನೆಯವರೆಗೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಯಂತ್ರ ಎಎಂಡಿ ಕಂಪನಿಯ ರೈಜೆನ್ 9000 ಸರಣಿಯ ಎಂಟು ಕೋರ್‌ಗಳ ಪ್ರೊಸೆಸರ್ ಇರುವಂಥದು, ಮದರ್‌ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್‌ಗಳಿವೆ. ಜೋಡಿಸಿಕೊಟ್ಟವರು ಒಂದೇ ಮಾದರಿಯ ಎರಡು ಕಿಟ್‌ಗಳನ್ನು ಒಡೆದು ನಾಲ್ಕೂ ಸ್ಲಾಟ್ ತುಂಬಿದ್ದರು. ಡಬ್ಬಿಯ ಮೇಲೆ 6000 ಎಂದು ದಪ್ಪಕ್ಷರದಲ್ಲಿತ್ತು, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಮಾತ್ರ 3600 ಎಂದು ತೋರಿಸುತ್ತಿತ್ತು.

ಮೊದಲು ಈ ಅಂಕಿಗಳನ್ನು ಓದುವ ಬಗೆಯನ್ನು ಹೇಳಬೇಕು, ಏಕೆಂದರೆ ಇಲ್ಲದ ರೋಗಕ್ಕೆ ಮದ್ದು ಹುಡುಕುವವರೇ ಹೆಚ್ಚು. ಡಿಡಿಆರ್ ಮೆಮೊರಿಯು ಗಡಿಯಾರದ ಒಂದು ಮಿಡಿತಕ್ಕೆ ಎರಡು ಬಾರಿ ಡೇಟಾ ಸಾಗಿಸುವುದರಿಂದ, 6000 ಎಂಬುದು ಸೆಕೆಂಡಿಗೆ ಆಗುವ ಸಾಗಣೆಗಳ ಲೆಕ್ಕ, ಅದೂ ದಶಲಕ್ಷಗಳಲ್ಲಿ. ಗಡಿಯಾರದ ನಿಜವಾದ ಆವರ್ತನ 3000 ಮೆಗಾಹರ್ಟ್ಸ್ ಮಾತ್ರ. ಸಿಪಿಯು-ಝಡ್ ತಂತ್ರಾಂಶ ಈ ಎರಡನೆಯ ಅಂಕಿಯನ್ನೇ ತೋರಿಸುವುದರಿಂದ ಅಲ್ಲಿ 3000 ಎಂದು ಕಂಡರೆ ಗಾಬರಿಪಡಬೇಕಾಗಿಲ್ಲ, ಎಲ್ಲವೂ ಸರಿಯಿದೆ ಎಂದೇ ಅರ್ಥ. ಲಿನಕ್ಸ್ ಬಳಸುವವರಿಗೆ ಡಿಎಂಐಡಿಕೋಡ್ ಆಜ್ಞೆಯು ಸ್ಟಿಕ್‌ನ ವೇಗವನ್ನೂ ಅದನ್ನು ಸದ್ಯ ಓಡಿಸುತ್ತಿರುವ ವೇಗವನ್ನೂ ಬೇರೆ ಬೇರೆ ಸಾಲುಗಳಲ್ಲಿ ಕೊಡುತ್ತದೆ. ನೋಡಬೇಕಾದ್ದು ಎರಡನೆಯ ಸಾಲನ್ನು. ನನ್ನ ಯಂತ್ರದಲ್ಲಿ ಸಿಪಿಯು-ಝಡ್ 1800 ಎಂದು ತೋರಿಸಿದಾಗ, ತೊಂದರೆ ಅಂಕಿಯನ್ನು ಓದುವುದರಲ್ಲಿಲ್ಲ, ಯಂತ್ರದಲ್ಲೇ ಇದೆ ಎಂಬುದು ಖಚಿತವಾಯಿತು.

ಡಬ್ಬಿಯ ಮೇಲಿನ ವೇಗ ತಾನಾಗಿಯೇ ಬರುವುದಿಲ್ಲ ಎಂಬುದು ಹಲವರಿಗೆ ತಿಳಿದಿರುತ್ತದೆ. ಜೆಡೆಕ್ ಸಂಸ್ಥೆ ಗೊತ್ತುಪಡಿಸಿದ ಮಾನಕ ವೇಗದಲ್ಲಿಯೇ ಸ್ಟಿಕ್ ಮೊದಲು ಎದ್ದು ನಿಲ್ಲುತ್ತದೆ; ಅದಕ್ಕಿಂತ ಮೇಲಿನದ್ದೆಲ್ಲ ಸ್ಟಿಕ್‌ನ ಪುಟ್ಟ ಚಿಪ್‌ನಲ್ಲಿ ಬರೆದಿಟ್ಟ ಪ್ರೊಫೈಲ್‌ನಲ್ಲಿ ಇರುತ್ತದೆ ಮತ್ತು ಅದನ್ನು ಬಯೋಸ್‌ಗೆ, ಅಂದರೆ ಮದರ್‌ಬೋರ್ಡ್‌ನ ಸ್ವಂತ ಸೆಟ್ಟಿಂಗ್ ಪರದೆಗೆ ಹೋಗಿ ನಾವೇ ಆರಿಸಬೇಕು. ಇಂಟೆಲ್‌ನವರ ಪ್ರೊಫೈಲ್‌ಗೆ ಎಕ್ಸ್‌ಎಂಪಿ ಎಂದೂ, ಎಎಂಡಿಯವರು 2022ರಲ್ಲಿ ತಂದದ್ದಕ್ಕೆ ಎಕ್ಸ್‌ಪೋ ಎಂದೂ ಹೆಸರು. ಆದ್ದರಿಂದ 6000ದ ಕಿಟ್ ಮೊದಲ ದಿನ 4800ರಲ್ಲಿ ಓಡಿದರೆ ಅದು ದೋಷವಲ್ಲ, ಬಯೋಸ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಮುಗಿಯುತ್ತದೆ. ನನ್ನ ಪಾಡು ಬೇರೆಯಾಗಿತ್ತು. 3600 ಎಂಬುದು ಮರೆತುಹೋದ ಸೆಟ್ಟಿಂಗ್ ಆಗಿರದೆ, ನಾಲ್ಕು ಸ್ಟಿಕ್ ಹಾಕಿದವರಿಗೆ ಪ್ರೊಸೆಸರ್ ತಯಾರಕರೇ ಅಧಿಕೃತವಾಗಿ ಕೊಡುವ ಭರವಸೆಯ ಗಡಿಯಾಗಿತ್ತು. ಇದೇ ಪ್ರೊಸೆಸರ್‌ಗೆ ಎರಡು ಸ್ಟಿಕ್ ಹಾಕಿದರೆ ಆ ಗಡಿ 5600. ಅದರ ಹಿಂದಿನ 7000 ಸರಣಿಯಲ್ಲಿ 5200. ಈ ಅಂಕಿಗಳು ಪ್ರೊಸೆಸರ್‌ನ ವಿವರಪುಟದಲ್ಲಿ ಕೆಳಗೆಲ್ಲೋ ಇರುತ್ತವೆ, ರ‍್ಯಾಮ್ ಡಬ್ಬಿಯ ಮೇಲೆ ಇರುವುದಿಲ್ಲ.

ಸರಿ, ಎಕ್ಸ್‌ಪೋ ಆನ್ ಮಾಡಿದರೆ ಏನಾಗುತ್ತದೆ? ಉಳಿಸಿ ಹೊರಬಂದೊಡನೆ ಪರದೆ ಕಪ್ಪಾಗುತ್ತದೆ, ಫ್ಯಾನ್‌ಗಳು ತಿರುಗುತ್ತಲೇ ಇರುತ್ತವೆ, ಮದರ್‌ಬೋರ್ಡ್‌ನ ಅಂಚಿನಲ್ಲಿ ಡಿರ‍್ಯಾಮ್ ಎಂದು ಬರೆದಿರುವ ಚಿಕ್ಕ ದೀಪ ಹೊತ್ತಿ ಹಾಗೆಯೇ ನಿಲ್ಲುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಪ್ರತಿಯೊಂದು ತಂತಿಯಲ್ಲಿಯೂ ಸಂಕೇತ ಯಾವ ಕ್ಷಣದಲ್ಲಿ, ಯಾವ ವೋಲ್ಟೇಜ್‌ನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದನ್ನು ಪ್ರೊಸೆಸರ್ ಪರೀಕ್ಷಿಸಿ ಗೊತ್ತುಮಾಡಿಕೊಳ್ಳುವ ಕೆಲಸವದು. ಈ ಯಂತ್ರದಲ್ಲಿರುವ ಹೊಸ ಪೀಳಿಗೆಯ ಡಿಡಿಆರ್5ರಲ್ಲಿ, ಅದರಲ್ಲಿಯೂ ಹೆಚ್ಚು ಮೆಮೊರಿ ಇದ್ದಾಗ, ಇದಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು. ಯಂತ್ರ ಸತ್ತಿತೆಂದು ಭಾವಿಸಿ ನಡುವೆಯೇ ಪವರ್ ಗುಂಡಿ ಒತ್ತಿದರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ನಾನು ತಾಳ್ಮೆಯಿಂದ ಕಾದದ್ದಕ್ಕೆ ಸಿಕ್ಕ ಫಲವೆಂದರೆ, ಬಯೋಸ್ ತಾನೇ ಸೋಲೊಪ್ಪಿ, ಹಳೆಯ ಸೆಟ್ಟಿಂಗ್‌ಗೆ ಮರಳಿ, ಮತ್ತೆ 3600 ಎಂದು ತೋರಿಸಿದ್ದು.

ಆಮೇಲೆ ಪ್ರೊಫೈಲ್ ಹಾಗೆಯೇ ಇರಿಸಿ ವೇಗವನ್ನು ಮಾತ್ರ ಮೆಟ್ಟಿಲುಮೆಟ್ಟಿಲಾಗಿ ಇಳಿಸುತ್ತ ಬಂದೆ. 5200ರಲ್ಲಿ ವಿಂಡೋಸ್ ತೆರೆದುಕೊಂಡಿತು, ಬ್ರೌಸರ್ ಓಡಿತು, ಗೆದ್ದೆನೆಂದು ಹೇಳಿಕೊಳ್ಳಲು ಸಾಕಾಗುವಷ್ಟು ಹೊತ್ತು ಎಲ್ಲವೂ ನಡೆಯಿತು. ಆದರೆ ಮೆಮೊರಿಯ ತಪ್ಪುಗಳನ್ನು ಹುಡುಕುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಓಡಿಸಿದಾಗ ಕೆಂಪು ಸಾಲುಗಳು ಕಾಣಿಸಿದವು. ಮೆಮೊರಿಯ ತಪ್ಪು ಒಮ್ಮೆಗೇ ಯಂತ್ರವನ್ನು ಕೆಡವದೆ, ಒಂದು ಕಡತದಲ್ಲಿ ಎಲ್ಲೋ ಒಂದು ಬಿಟ್ ಅನ್ನು ಸದ್ದಿಲ್ಲದೆ ಬದಲಿಸಿ ಹೋಗಬಲ್ಲದು. ಆದ್ದರಿಂದ ಯಂತ್ರ ಆನ್ ಆಯಿತು ಎಂಬುದನ್ನು ಸ್ಥಿರತೆಯ ಪುರಾವೆಯಾಗಿ ನಾನು ಒಪ್ಪುವುದಿಲ್ಲ. ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕಕ್ಕೆ ಹೋಗುವ ಎಸ್‌ಓಸಿ ವೋಲ್ಟೇಜ್ ಏರಿಸಿ ನೋಡು ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. 2023ರಲ್ಲಿ ಕೆಲವು ಪ್ರೊಸೆಸರ್‌ಗಳು ಸುಟ್ಟುಹೋದ ಪ್ರಕರಣಗಳ ಬಳಿಕ ಎಎಂಡಿಯವರು ಇದಕ್ಕೆ 1.3 ವೋಲ್ಟ್ ಮಿತಿ ಹಾಕಿದ್ದಾರೆ. ಆ ಗಡಿಯ ಬಳಿ ದಿನವಿಡೀ ಯಂತ್ರ ಓಡಿಸುವ ಉಮೇದು ನನಗಿಲ್ಲ. ಕಡೆಗೆ ನಾಲ್ಕು ಸ್ಟಿಕ್‌ಗಳು ತಪ್ಪಿಲ್ಲದೆ ನಿಂತದ್ದು 4800ರಲ್ಲಿ.

ಅಲ್ಲಿಗೂ ಕಾಟ ಮುಗಿಯಲಿಲ್ಲ. ನಾನು ರಾತ್ರಿ ಯಂತ್ರವನ್ನು ಪೂರ್ತಿ ಆರಿಸುವವನು, ಬೆಳಗ್ಗೆ ಗುಂಡಿ ಒತ್ತಿದ ಕೂಡಲೇ ಕೆಲಸಕ್ಕೆ ಕೂರಬೇಕೆನ್ನುವವನು. ನಾಲ್ಕು ಸ್ಟಿಕ್‌ಗಳಿದ್ದಾಗ ಪ್ರತಿ ಬಾರಿ ಆನ್ ಮಾಡಿದಾಗಲೂ ಟ್ರೇನಿಂಗ್ ನಡೆದು ಕಪ್ಪು ಪರದೆಯ ಮುಂದೆ ಕಾಯಬೇಕಾಗುತ್ತಿತ್ತು. ಇದನ್ನು ತಪ್ಪಿಸಲೆಂದೇ ಬಯೋಸ್‌ನ ಮೆಮೊರಿ ವಿಭಾಗದಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಆಯ್ಕೆ ಇದೆ. ಹಿಂದಿನ ಟ್ರೇನಿಂಗ್‌ನ ಫಲಿತಾಂಶವನ್ನು ಉಳಿಸಿಟ್ಟುಕೊಂಡು ಅದನ್ನೇ ಮತ್ತೆ ಬಳಸುವುದು ಅದರ ಕೆಲಸ. ಅದನ್ನು ಆನ್ ಮಾಡಿದರೆ ಯಂತ್ರ ಬೇಗ ಏಳುತ್ತಿತ್ತು, ಆದರೆ ಒಮ್ಮೊಮ್ಮೆ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆಯೂ ಜೊತೆಗೇ ಬರುತ್ತಿತ್ತು. ಅಂಚಿನಲ್ಲಿ ನಿಂತಿರುವ ಮೆಮೊರಿಗೆ ನಿನ್ನೆಯ ಲೆಕ್ಕ ಇವತ್ತಿನ ಉಷ್ಣತೆಯಲ್ಲಿ ಸರಿಹೊಂದದೇ ಹೋಗಬಹುದು. ಆಫ್ ಮಾಡಿದರೆ ಕಾಯುವಿಕೆ, ಆನ್ ಮಾಡಿದರೆ ಅನುಮಾನ. ಯಂತ್ರವನ್ನು ಆರಿಸದೆ ವಾರಗಟ್ಟಲೆ ಬಿಡುವವರಿಗೆ ಇದು ದೊಡ್ಡ ವಿಷಯವಾಗಲಾರದು. ನನ್ನ ಅಭ್ಯಾಸಕ್ಕೆ ಇದೊಂದೇ ಸಾಕಿತ್ತು.

ಹೀಗೇಕಾಗುತ್ತದೆ ಎಂಬುದು ಸರಳವಾದ ಸಂಗತಿ. ಪ್ರೊಸೆಸರ್‌ನಿಂದ ಮೆಮೊರಿಗೆ ಹೊರಡುವುದು ಎರಡು ಚಾನೆಲ್‌ಗಳು (ಡೇಟಾ ಹಾದಿಗಳು), ಸ್ಲಾಟ್‌ಗಳಿರುವುದು ನಾಲ್ಕು. ಅಂದರೆ ಒಂದು ಚಾನೆಲ್‌ನ ತಂತಿಗಳು ಮೊದಲ ಸ್ಲಾಟ್ ಮುಟ್ಟಿ ಎರಡನೆಯ ಸ್ಲಾಟ್‌ಗೆ ಹೋಗುತ್ತವೆ. ಎರಡರಲ್ಲೂ ಸ್ಟಿಕ್ ಇದ್ದಾಗ ಅದೇ ತಂತಿಗಳ ಮೇಲಿನ ಹೊರೆ ಹೆಚ್ಚುತ್ತದೆ, ಸಂಕೇತವು ನಡುವೆಯೇ ಪ್ರತಿಫಲಿಸಿ, ಬಾವಿಗೆ ಕೂಗಿದ ದನಿ ಮರಳಿ ಬಂದು ಮುಂದಿನ ಕೂಗಿನೊಂದಿಗೆ ಕಲಸಿಕೊಂಡಂತೆ ಮಸುಕಾಗುತ್ತದೆ. ವೇಗ ಹೆಚ್ಚಿದಷ್ಟೂ ಕೂಗುಗಳ ನಡುವಿನ ಬಿಡುವು ಕಡಿಮೆ. ಎರಡೇ ಸ್ಟಿಕ್ ಇದ್ದಾಗ ಅವನ್ನು ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಲು ಕೈಪಿಡಿಯಲ್ಲಿ ಹೇಳಿರುವುದೂ ಇದೇ ಕಾರಣಕ್ಕೆ: ತಂತಿಯ ತುದಿಯಲ್ಲಿ ಸ್ಟಿಕ್ ಕೂತಿರಬೇಕು, ಬರಿದಾದ ತುದಿ ನೇತಾಡುತ್ತಿರಬಾರದು. ಒಂದನೆಯ ಮತ್ತು ಮೂರನೆಯದಕ್ಕೆ ಹಾಕಿದರೂ ಯಂತ್ರ ಓಡುತ್ತದೆ, ಆದರೆ ಎಕ್ಸ್‌ಪೋ ಕೈಕೊಡಬಹುದು. ಒಂದನೆಯ ಮತ್ತು ಎರಡನೆಯದಕ್ಕೆ ಹಾಕಿದರೆ ಒಂದು ಚಾನೆಲ್ ಇಡಿಯಾಗಿ ವ್ಯರ್ಥವಾಗುತ್ತದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗದ ಅಂಕಿ ಮಾತ್ರ ಸರಿಯಾಗಿಯೇ ಕಾಣುತ್ತಿರುತ್ತದೆ.

ಇದಕ್ಕೆ ಪ್ರತಿಯಾಗಿ 32 ಜಿಬಿಯ ಎರಡು ಸ್ಟಿಕ್‌ಗಳ, 6000 ವೇಗದ, ಸಿಎಲ್30ರ (ಸಿಎಲ್ ಎಂದರೆ ಡೇಟಾ ಕೇಳಿದ ಮೇಲೆ ಸಿಗುವವರೆಗೆ ಕಾಯುವ ಮಿಡಿತಗಳ ಲೆಕ್ಕ) ಕಿಟ್ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. ಮೊದಲು 4800ರಲ್ಲಿ ಎದ್ದಿತು, ಎಕ್ಸ್‌ಪೋ ಆನ್ ಮಾಡಿದಾಗ ಒಮ್ಮೆ ಪರದೆ ಕಪ್ಪಾಯಿತು, ಬಳಿಕ 6000. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದರೂ ತಪ್ಪು ಸಿಗಲಿಲ್ಲ, ಕಾಂಟೆಕ್ಸ್ಟ್ ರಿಸ್ಟೋರ್ ಆನ್ ಮಾಡಿದ ಮೇಲೂ ನೀಲಿ ಪರದೆ ಬರಲಿಲ್ಲ. ನಾಲ್ಕು ಸ್ಟಿಕ್‌ಗಳ ಪರವಾಗಿ ಹೇಳುವವರು ರ‍್ಯಾಂಕ್‌ನ (ಒಟ್ಟಾಗಿ ಕೆಲಸ ಮಾಡುವ ಚಿಪ್‌ಗಳ ಗುಂಪಿನ) ವಾದ ಮುಂದಿಡುತ್ತಾರೆ: ಒಂದು ಚಾನೆಲ್‌ನಲ್ಲಿ ಎರಡು ರ‍್ಯಾಂಕ್ ಇದ್ದರೆ ಒಂದು ತನ್ನನ್ನು ಪುನಶ್ಚೇತನಗೊಳಿಸಿಕೊಳ್ಳುವಾಗ ಇನ್ನೊಂದು ಕೆಲಸ ಮಾಡುತ್ತಿರುತ್ತದೆ, ಆದ್ದರಿಂದ ತುಸು ಲಾಭವಿದೆ. ಮಾತು ನಿಜ. ಆದರೆ 32 ಜಿಬಿಯ ಸ್ಟಿಕ್ ಸಾಮಾನ್ಯವಾಗಿ ತಾನೇ ಎರಡು ರ‍್ಯಾಂಕ್‌ಗಳದ್ದಾಗಿರುತ್ತದೆ, ಎರಡೂ ಬದಿಗೆ ಚಿಪ್‌ಗಳಿರುತ್ತವೆ. ಆ ಲಾಭ ಇಲ್ಲಿಯೂ ಸಿಗುತ್ತದೆ, ಹೆಚ್ಚುವರಿ ಸ್ಲಾಟ್‌ನ ತಂತಿಹೊರೆ ಇರುವುದಿಲ್ಲ.

ಇನ್ನೊಂದು ಮಾತು: ಒಂದೇ ಮಾದರಿಸಂಖ್ಯೆಯ ಎರಡು ಕಿಟ್‌ಗಳು ಒಂದು ಕಿಟ್ ಆಗುವುದಿಲ್ಲ. ಒಳಗಿನ ಚಿಪ್‌ಗಳು ಬೇರೆ ತಯಾರಕರದ್ದಿರಬಹುದು. ಕಿಟ್ ತಯಾರಕರು ಒಟ್ಟಿಗೆ ಪರೀಕ್ಷಿಸಿರುವುದು ಒಂದು ಡಬ್ಬಿಯೊಳಗಿನದನ್ನು ಮಾತ್ರ.

ಮೂರನೆಯ ಆಯ್ಕೆಯಾದ ಸಾದಾ 5600ರ ಸ್ಟಿಕ್‌ಗಳನ್ನು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಮೆಚ್ಚಿದೆ. ಇವಕ್ಕೆ ಎಕ್ಸ್‌ಪೋ ಬೇಕಿಲ್ಲ, ಹೊಳೆಯುವ ದೀಪಗಳಿಲ್ಲ, ಲೋಹದ ಹೊದಿಕೆಯೂ ಇಲ್ಲ, ಮಾನಕದ 1.1 ವೋಲ್ಟ್‌ನಲ್ಲಿಯೇ ಓಡುತ್ತವೆ, ಹಾಕಿದ ಕೂಡಲೇ 5600 ಎಂದು ತೋರಿಸುತ್ತವೆ. ಕೊರತೆ ಇರುವುದು ವಿಳಂಬದಲ್ಲಿ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೋಸೆಕೆಂಡ್ ಸಿಗುತ್ತದೆ: ಸಿಎಲ್30ರ 6000ಕ್ಕೆ 10, ಸಿಎಲ್36ರ 6000ಕ್ಕೆ 12, ಸಿಎಲ್46ರ ಈ 5600ಕ್ಕೆ ಸುಮಾರು 16.4. ದಾಖಲೆ, ಲೆಕ್ಕಪತ್ರ, ಮೀಟಿಂಗ್ ಇಷ್ಟಕ್ಕೇ ಯಂತ್ರ ಬಳಸುವವರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಮನೆಯ ಹಿರಿಯರ ಯಂತ್ರಕ್ಕೆ ನಾನು ಕಣ್ಣುಮುಚ್ಚಿ ಇದನ್ನೇ ಹಾಕುತ್ತೇನೆ. ಎಕ್ಸ್‌ಪೋ ಬಳಕೆಯನ್ನು ಎಎಂಡಿಯವರು ಓವರ್‌ಕ್ಲಾಕಿಂಗ್ ಎಂದೇ ಪರಿಗಣಿಸಿ ವಾರಂಟಿಯ ಹೊರಗಿಡುತ್ತಾರೆ ಎಂಬುದೂ ಕೆಲವರಿಗೆ ಮುಖ್ಯವಾಗಬಹುದು.

ನಾಲ್ಕನೆಯದು 7200ರ ಕಿಟ್. ರೈಜೆನ್‌ನಲ್ಲಿ ವೇಗ ಸುಮಾರು 6000 ಅಥವಾ 6400 ಮುಟ್ಟುವವರೆಗೆ ಮೆಮೊರಿ ನಿಯಂತ್ರಕವು ಮೆಮೊರಿಯ ಗಡಿಯಾರಕ್ಕೆ ಸಮನಾಗಿ ಓಡುತ್ತದೆ, ಅದನ್ನು ದಾಟಿದರೆ ಅರ್ಧಕ್ಕಿಳಿಯುತ್ತದೆ. 6000ದಲ್ಲಿ 3000 ಮೆಗಾಹರ್ಟ್ಸ್ ಇದ್ದ ನಿಯಂತ್ರಕ 7200ರಲ್ಲಿ 1800 ಆಗುತ್ತದೆ. ಹೆಚ್ಚು ಹಣ ಕೊಟ್ಟು ನಿಯಂತ್ರಕದ ವೇಗ ಇಳಿಸಿಕೊಳ್ಳುವ ಈ ವ್ಯಾಪಾರ ನನಗೆ ಹಿಡಿಸಲಿಲ್ಲ.

ವೇಗ ಏರಿದ್ದರಿಂದ ನನಗೆ ಸಿಕ್ಕಿದ್ದೇನು? ಕಾಗದದ ಲೆಕ್ಕದಲ್ಲಿ ಎರಡು ಚಾನೆಲ್‌ಗಳು ಸೇರಿ 3600ಕ್ಕೆ ಸೆಕೆಂಡಿಗೆ 57.6 ಜಿಬಿ, 6000ಕ್ಕೆ 96 ಜಿಬಿ. ಆದರೆ ಎಂಟು ಕೋರ್‌ಗಳ ಪ್ರೊಸೆಸರ್‌ನಲ್ಲಿ ಕೋರ್‌ಗಳಿಗೂ ಮೆಮೊರಿ ನಿಯಂತ್ರಕಕ್ಕೂ ನಡುವಿನ ಕೊಂಡಿಯು 2000 ಮೆಗಾಹರ್ಟ್ಸ್‌ನಲ್ಲಿ ಓದುವಾಗ ಸಾಗಿಸಬಲ್ಲದ್ದು 64 ಜಿಬಿ ಮಾತ್ರ, ಹಾಗಾಗಿ ಪರೀಕ್ಷಾ ತಂತ್ರಾಂಶದಲ್ಲಿ 96ರ ಹತ್ತಿರದ ಅಂಕಿ ಕಾಣದಿದ್ದರೆ ರ‍್ಯಾಮ್ ಅನ್ನು ದೂರಬಾರದು. ನನ್ನ ದಿನದ ಕೆಲಸದಲ್ಲಿ, ಎಂದರೆ ಒಂದೆರಡು ವರ್ಚುವಲ್ ಯಂತ್ರಗಳನ್ನು ತೆರೆದಿಟ್ಟುಕೊಂಡು ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ, 3600ಕ್ಕೂ 6000ಕ್ಕೂ ನಡುವಿನ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. 5600ಕ್ಕೂ 6000ಕ್ಕೂ ನಡುವಿನದನ್ನು ಅಳೆದರೆ ಮಾತ್ರ ಕಾಣಬೇಕು. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲೇ ಆಟವಾಡುವವರಿಗೆ ಮೆಮೊರಿಯ ವೇಗವೇ ಜೀವಾಳ. 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ) ಇರುವ ಎಕ್ಸ್3ಡಿ ಮಾದರಿಯವರು ಇದಕ್ಕಾಗಿ ಅಷ್ಟಾಗಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಸಿಎಲ್30 ಮತ್ತು ಸಿಎಲ್36ರ ನಡುವೆ ಬೆಲೆಯ ಅಂತರ ದೊಡ್ಡದಿದ್ದರೆ ಸಿಎಲ್36 ಸಾಕು, ಉಳಿದ ಹಣವನ್ನು ಎಸ್‌ಎಸ್‌ಡಿಗೆ ಹಾಕಬಹುದು. 128 ಜಿಬಿ ಬೇಕೇ ಬೇಕೆನ್ನುವವರು 64 ಜಿಬಿಯ ಎರಡು ಸ್ಟಿಕ್‌ಗಳನ್ನು ಮೊದಲು ನೋಡಲಿ. 32ರ ನಾಲ್ಕನ್ನು ಹಾಕಲೇಬೇಕಾದ ಪರಿಸ್ಥಿತಿ ಬಂದರೆ ಕಡಿಮೆ ವೇಗಕ್ಕೆ ಒಪ್ಪಿಕೊಂಡೇ ಹಾಕಲಿ, ಏಕೆಂದರೆ ಮೆಮೊರಿಯೇ ಸಾಲದೆ ಡಿಸ್ಕ್‌ಗೆ ಇಳಿಯುವ ಯಂತ್ರಕ್ಕಿಂತ 3600ರಲ್ಲಿ ಓಡುವ ಯಂತ್ರವೇ ಎಷ್ಟೋ ಮೇಲು. ಈಗಾಗಲೇ ನಾಲ್ಕು ಸ್ಟಿಕ್ ಕೊಂಡಿರುವವರು ಒಂದು ಡಬ್ಬಿಯಿಂದ ಬಂದ ಜೋಡಿಯನ್ನು ಮಾತ್ರ ಉಳಿಸಿ, ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿ ಎಕ್ಸ್‌ಪೋ ಪರೀಕ್ಷಿಸಲಿ. 32 ಜಿಬಿಯಲ್ಲಿ ಕೆಲಸ ಸಾಗುವುದಾದರೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ನನ್ನ ಹಳೆಯ ನಾಲ್ಕರಲ್ಲಿ ಒಂದು ಜೋಡಿ ಈಗ ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ 6000ದಲ್ಲಿಯೇ ತಪ್ಪಿಲ್ಲದೆ ಓಡುತ್ತಿದೆ. ಬಯೋಸ್ ಅಪ್‌ಡೇಟ್ ಮಾಡಿದಾಗ ಎಕ್ಸ್‌ಪೋ ಆಯ್ಕೆ ಸಾಮಾನ್ಯವಾಗಿ ಅಳಿಸಿಹೋಗುವುದರಿಂದ, ಪ್ರತಿ ಅಪ್‌ಡೇಟ್ ಬಳಿಕ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟವನ್ನು ಒಮ್ಮೆ ತೆರೆದು ನೋಡುತ್ತೇನೆ.