ಸ್ಕ್ವಿಡ್ ಪ್ರಾಕ್ಸಿ: ಆರು ವರ್ಷ ಓಡಿಸಿದ ಮೇಲೆ

ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ. 22 ಕಂಪ್ಯೂಟರ್, ಒಂದೇ ಇಂಟರ್ನೆಟ್ ಲೈನ್. ಮೂಲೆಯಲ್ಲಿ ಬಿದ್ದಿದ್ದ ಹಳೇ ಡೆಸ್ಕ್‌ಟಾಪಿಗೆ ಉಬುಂಟು ಹಾಕಿ, ಅದರಲ್ಲಿ ಸ್ಕ್ವಿಡ್ ಓಡಿಸುತ್ತಿದ್ದೇನೆ. ಇದು ಪ್ರಾಕ್ಸಿ ತಂತ್ರಾಂಶ: ಕಂಪ್ಯೂಟರುಗಳ ಪರವಾಗಿ ನೆಟ್ಟಿನಿಂದ ಫೈಲು ತಂದುಕೊಟ್ಟು, ಒಂದು ಪ್ರತಿಯನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ (ಅದೇ ಕ್ಯಾಶ್), ಮತ್ತೆ ಕೇಳಿದರೆ ಅಲ್ಲಿಂದಲೇ ಕೊಡುತ್ತದೆ. ದುಡ್ಡೇನೂ ಕೊಡಬೇಕಿಲ್ಲ. ಆದರೆ ಡಿಸ್ಕ್ ಜಾಗದ ಲೆಕ್ಕ ಕಲಿಯೋಕೆ ಒಂದು ಇಡೀ ದಿನ ಹೋಯಿತು.

ತಪ್ಪು ನನ್ನದೇ. ಕ್ಯಾಶ್ ಎಲ್ಲಿ, ಎಷ್ಟು ಅಂತ ಹೇಳೋದು ಸೆಟ್ಟಿಂಗ್ ಫೈಲಿನ 'ಕ್ಯಾಶ್ ಡೈರ್' ಸಾಲು. ಅದರ ಮಾದರಿಯಲ್ಲಿದ್ದದ್ದು 100 ಎಂಬಿ. ಇದು ಯಾವ ಮೂಲೆಗೆ ಅಂತ, 40 ಜಿಬಿ ಪಾರ್ಟಿಷನ್ನಿನ ಅಷ್ಟೂ ಜಾಗವನ್ನು ಕ್ಯಾಶ್‌ಗೇ ಬರೆದುಬಿಟ್ಟೆ. ಯಾರು ಏನು ತೆರೆದರು ಅಂತ ಸ್ಕ್ವಿಡ್ ಬರೆದಿಡುವ ಲಾಗ್ (ಆಕ್ಸೆಸ್ ಲಾಗ್) ಕೂಡ ಅಲ್ಲೇ! ಕೆಲವು ತಿಂಗಳು ಚೆನ್ನಾಗಿತ್ತು. ಒಂದು ಬೆಳಿಗ್ಗೆ ಹುಡುಗರು, "ಸರ್, ಒಂದ್ರಾಗೂ ನೆಟ್ ಇಲ್ರೀ" ಅಂದರು. ಡಿಸ್ಕ್ ಪೂರ್ತಿ ತುಂಬಿ ಸ್ಕ್ವಿಡ್ ಮಲಗಿತ್ತು.

ಕ್ಯಾಶ್ 90 ಪರ್ಸೆಂಟ್ ದಾಟಿದರೆ ಸ್ಕ್ವಿಡ್ ಹಳೆಯದನ್ನು ತಾನೇ ಅಳಿಸುತ್ತದೆ, 95ರ ಹತ್ತಿರ ಇನ್ನೂ ಜೋರಾಗಿ. ಆದರೆ ಅದು ನಾವು ಬರೆದ ಅಂಕಿಯ ಪರ್ಸೆಂಟ್, ಡಿಸ್ಕಿನದ್ದಲ್ಲ. ಲಾಗ್ ತಿನ್ನುವ ಜಾಗ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಸ್ಕ್ವಿಡ್ಡನ್ನು ಹೇಗೋ ಎಬ್ಬಿಸಿ, ಆಕ್ಸೆಸ್ ಲಾಗನ್ನು ಅಳಿಸಿದೆ. ನೋಡಿದರೆ ಜಾಗ ಒಂದಿಷ್ಟೂ ಖಾಲಿಯಾಗಿಲ್ಲ! ತಲೆ ಕೆಟ್ಟಿತು. ಮಧ್ಯಾಹ್ನ ಮಂಡಕ್ಕಿ-ಮಿರ್ಚಿ ತಿನ್ನುವಾಗ ಹೊಳೆಯಿತು: ಫೈಲಿನ ಹೆಸರು ಹೋಗಿದೆ, ಆದರೆ ಸ್ಕ್ವಿಡ್ ಅದನ್ನು ತೆರೆದೇ ಇಟ್ಟುಕೊಂಡಿದೆ. ಅದು ಬಿಡೋತನಕ ಜಾಗ ವಾಪಸ್ ಬರಲ್ಲ. ಲಾಗ್ ಮುಚ್ಚಿ ಹೊಸದು ತೆರೆಯುವ 'ಸ್ಕ್ವಿಡ್ -ಕೆ ರೊಟೇಟ್' ಆಜ್ಞೆ ಕೊಟ್ಟಿದ್ದೇ ತಡ, ಜಿಬಿಗಟ್ಟಲೆ ಖಾಲಿ. ಈಗ ಅದನ್ನು ದಿನಾ ರಾತ್ರಿ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಮಾಡುತ್ತದೆ.

ಕ್ಯಾಶನ್ನು 28 ಜಿಬಿಗೆ ಇಳಿಸಿದೆ. ರ‍್ಯಾಮ್ ಕೂಡ ನೋಡಬೇಕು ಅಲ್ವಾ? 64 ಬಿಟ್ ಯಂತ್ರದಲ್ಲಿ ಪ್ರತಿ ಜಿಬಿ ಕ್ಯಾಶ್‌ಗೆ ಸುಮಾರು 14 ಎಂಬಿ ಬೇಕು, ಕ್ಯಾಶಿನಲ್ಲಿ ಏನೇನಿದೆ ಅನ್ನೋ ಬರೀ ಪಟ್ಟಿ ಇಟ್ಟುಕೊಳ್ಳೋಕೆ. 28 ಜಿಬಿಗೆ 400 ಎಂಬಿ ಹತ್ತಿರ ಆಯಿತು.

ಇನ್ನೊಂದು ಕಿರಿಕಿರಿ: ಸುಮ್ನೆ ಬಿಟ್ಟರೆ 4 ಎಂಬಿಗಿಂತ ದೊಡ್ಡ ಫೈಲನ್ನು ಅದು ಡಿಸ್ಕಿನಲ್ಲಿ ಇಡೋದೇ ಇಲ್ಲ. ಮಿತಿ ಏರಿಸಿದೆ, ಉಪಯೋಗವಾಗಲಿಲ್ಲ. ಆ ಸಾಲು ಕ್ಯಾಶ್ ಡೈರ್ ಸಾಲಿಗಿಂತ ಮೇಲೆ ಇರಬೇಕಂತೆ!

ಈಗ ಬಹುಪಾಲು ಜಾಲತಾಣಗಳು ಎಚ್‌ಟಿಟಿಪಿಎಸ್. ಅವು ಗೂಢಲಿಪಿಯಲ್ಲಿ, ಸುರಂಗದಲ್ಲಿ ಹೋದ ಹಾಗೆ ಹೋಗುತ್ತವೆ, ಕ್ಯಾಶ್‌ಗೆ ಸಿಗಲ್ಲ. ಹಾಗಾಗಿ ಬ್ರೌಸಿಂಗ್ ಜೋರಾಗುತ್ತೆ ಅಂತ ಯಾರೂ ಹಾಕಬೇಡಿ. ಲ್ಯಾಬಿನ ಉಬುಂಟು ಪ್ಯಾಕೇಜುಗಳು (ತಂತ್ರಾಂಶದ ಕಂತೆಗಳು) ಇನ್ನೂ ಗೂಢಲಿಪಿ ಇಲ್ಲದ ಎಚ್‌ಟಿಟಿಪಿಯಲ್ಲೇ ಬರುವುದರಿಂದ, ಒಂದು ಯಂತ್ರಕ್ಕೆ ಇಳಿದದ್ದು ಉಳಿದ 21ಕ್ಕೂ ಇಲ್ಲಿಂದಲೇ ಸಿಗುತ್ತದೆ. ನಾನು ಇಟ್ಟುಕೊಂಡಿರೋದು ಅದಕ್ಕೇ. ಐದಕ್ಕೆ ಮೂರೂವರೆ ಸ್ಟಾರ್.