ರೆಫ್‌ಫೈಂಡರ್: ಹಲವು ವರ್ಷಗಳ ಬಳಕೆಯ ನಂತರ

ಕ್ಯೂಪಿಸಿಆರ್ (ಜೀನ್ ಎಷ್ಟು ಸಕ್ರಿಯವಾಗಿದೆ ಎಂದು ಅಳೆಯುವ ವಿಧಾನ) ಪ್ರಯೋಗಗಳಿಗೆ ಉಲ್ಲೇಖ ಜೀನ್, ಅಂದರೆ ಹೋಲಿಕೆಗೆ ಆಧಾರವಾಗುವ ಸ್ಥಿರ ಜೀನ್, ಆರಿಸಲು ನಾನು ಹಲವು ವರ್ಷಗಳಿಂದ ಜಾಲತಾಣದಲ್ಲಿ ಸಿಗುವ ತಂತ್ರಾಂಶವಾದ ರೆಫ್‌ಫೈಂಡರ್ ಬಳಸುತ್ತಿದ್ದೇನೆ. ಮೊದಲ ನೋಟಕ್ಕೆ ಇದನ್ನು ಧಾರಾಳವಾಗಿ ಬಳಸಿ. ಕೊನೆಯ ತೀರ್ಮಾನವನ್ನು ಮಾತ್ರ ಇದಕ್ಕೆ ಒಪ್ಪಿಸಬೇಡಿ.

ಇದರ ದೊಡ್ಡ ಗುಣ ಸರಳತೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸಿ-ಟಿ ಮೌಲ್ಯಗಳ (ಡಿಎನ್‌ಎಯ ಸಂಕೇತ ಕಾಣಿಸಿಕೊಳ್ಳಲು ಬೇಕಾದ ನಕಲು ಆವರ್ತಗಳ ಸಂಖ್ಯೆ) ಕೋಷ್ಟಕವನ್ನು ಬ್ರೌಸರ್‌ನಲ್ಲಿ ಅಂಟಿಸಿದರೆ ಸಾಕು. ಜಿನಾರ್ಮ್, ನಾರ್ಮ್‌ಫೈಂಡರ್, ಬೆಸ್ಟ್‌ಕೀಪರ್, ಡೆಲ್ಟಾ ಸಿ-ಟಿ, ಜೀನ್ ಎಷ್ಟು ಸ್ಥಿರ ಎಂದು ಅಳೆಯುವ ಈ ನಾಲ್ಕೂ ವಿಧಾನಗಳ ಶ್ರೇಯಾಂಕ ಒಟ್ಟಿಗೆ ಸಿಗುತ್ತದೆ. ಆ ಶ್ರೇಯಾಂಕಗಳ ಗುಣೋತ್ತರ ಮಾಧ್ಯ ತೆಗೆದು ಒಂದು ಒಟ್ಟಾರೆ ಪಟ್ಟಿಯನ್ನೂ ಕೊಡುತ್ತದೆ. ಜಿಎಪಿಡಿಎಚ್ ಜೀನನ್ನು ಉಲ್ಲೇಖವಾಗಿ ಬರೀ ರೂಢಿಯ ಬಲದ ಮೇಲೆ ಬಳಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಜೀವಕೋಶದಲ್ಲಿ ಅದರ ಮಟ್ಟವೇ ಏರುತ್ತದೆ. ಅಂಥವರ ಕಣ್ಣು ತೆರೆಸಲು ಈ ತಾಣದಲ್ಲಿ ಕಳೆಯುವ ಕೆಲವೇ ನಿಮಿಷಗಳು ಸಾಕು.

ತೊಡಕು ಶುರುವಾಗುವುದು ಸಿ-ಟಿ ಮೌಲ್ಯಗಳನ್ನು ನೇರವಾಗಿ ತೆಗೆದುಕೊಳ್ಳುವುದರಿಂದ. ಪ್ರತಿ ಆವರ್ತದಲ್ಲೂ ಡಿಎನ್‌ಎ ಸರಿಯಾಗಿ ಇಮ್ಮಡಿಯಾಗುತ್ತದೆ, ಅಂದರೆ ಎಲ್ಲ ಪ್ರೈಮರ್‌ಗಳ (ನಕಲು ಶುರುಮಾಡುವ ಡಿಎನ್‌ಎ ತುಣುಕುಗಳ) ದಕ್ಷತೆಯೂ 100% ಎಂದು ರೆಫ್‌ಫೈಂಡರ್ ನಂಬಿಕೊಳ್ಳುತ್ತದೆ. ಎರಡು ಮಾದರಿಗಳ ನಡುವೆ 5 ಆವರ್ತಗಳ ಅಂತರವಿದೆ ಎನ್ನಿ. ದಕ್ಷತೆ 100% ಇದ್ದರೆ ಅದು 32 ಪಟ್ಟು ವ್ಯತ್ಯಾಸ. 85% ಇದ್ದರೆ 22 ಪಟ್ಟನ್ನೂ ಮುಟ್ಟುವುದಿಲ್ಲ. ಇಷ್ಟು ಏರುಪೇರಾದರೆ ಸ್ಥಿರತೆಯ ಕ್ರಮಾಂಕ ಬದಲಾಗುವುದು ಸಹಜ. ಆದ್ದರಿಂದ ನಾನು ದಕ್ಷತೆಯನ್ನು ಸರಿಹೊಂದಿಸಿದ ಸಾಪೇಕ್ಷ ಪ್ರಮಾಣಗಳನ್ನು ಲೆಕ್ಕಹಾಕಿ, ಜಿನಾರ್ಮ್ ಮತ್ತು ನಾರ್ಮ್‌ಫೈಂಡರ್‌ಗಳಲ್ಲಿ ಬೇರೆಯಾಗಿಯೇ ಪರೀಕ್ಷಿಸುತ್ತೇನೆ. ಕೆಲಸ ಹೆಚ್ಚುತ್ತದೆ, ನಿಜ. ಆದರೂ ಇದನ್ನು ಬಿಡುವಂತಿಲ್ಲ.

ಒಟ್ಟಾರೆ ಪಟ್ಟಿಯ ಬಗ್ಗೆಯೂ ನನಗೆ ತಕರಾರಿದೆ. 2002ರಲ್ಲಿ ಬಂದ ಜಿನಾರ್ಮ್ ಜೀನ್‌ಗಳನ್ನು ಜೋಡಿ ಜೋಡಿಯಾಗಿ ಹೋಲಿಸುತ್ತದೆ. ಹೀಗಾಗಿ ಒಂದೇ ನಿಯಂತ್ರಣದಲ್ಲಿ ಏರಿಳಿಯುವ ಎರಡು ಜೀನ್‌ಗಳು, ಉದಾಹರಣೆಗೆ ಎರಡು ರೈಬೋಸೋಮ್ ಪ್ರೋಟೀನ್ ಜೀನ್‌ಗಳು, ಒಟ್ಟಿಗೇ ಮೇಲಕ್ಕೆ ಬಂದು ಕೂರಬಹುದು. 2004ರ ನಾರ್ಮ್‌ಫೈಂಡರ್ ಗುಂಪಿನೊಳಗಿನ ಮತ್ತು ಗುಂಪುಗಳ ನಡುವಿನ ವ್ಯತ್ಯಾಸವನ್ನು ಬೇರ್ಪಡಿಸಿ ನೋಡುತ್ತದೆ. ಚಿಕಿತ್ಸೆ ಪಡೆದ ಮಾದರಿಗಳನ್ನು ಪಡೆಯದವುಗಳೊಂದಿಗೆ ಹೋಲಿಸುವ ಅಧ್ಯಯನಗಳಲ್ಲಿ ನಾನು ಇದರ ಮಾತಿಗೇ ಹೆಚ್ಚು ಬೆಲೆ ಕೊಡುತ್ತೇನೆ. ಆದರೆ ಇದಕ್ಕೆ ಗುಂಪಿಗೆ ಕನಿಷ್ಠ 8 ಮಾದರಿಗಳಾದರೂ ಇರಬೇಕು. ಹೀಗೆ ಬೇರೆ ಬೇರೆ ಪ್ರಶ್ನೆ ಕೇಳುವ ವಿಧಾನಗಳ ಉತ್ತರಗಳನ್ನು ಸರಾಸರಿ ಮಾಡಿದಾಗ, ಮುಖ್ಯ ಎಚ್ಚರಿಕೆಯೇ ಕರಗಿಹೋಗುತ್ತದೆ.

ಎಷ್ಟು ಉಲ್ಲೇಖ ಜೀನ್‌ಗಳು ಬೇಕು ಎಂಬುದಕ್ಕೂ ಇಲ್ಲಿ ಉತ್ತರವಿಲ್ಲ. ಅದಕ್ಕೆ ಜಿನಾರ್ಮ್‌ನ ವಿ ಮೌಲ್ಯವನ್ನೇ (ಇನ್ನೊಂದು ಜೀನ್ ಸೇರಿಸಿದರೆ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬ ಅಳತೆ) ನೋಡಬೇಕು. ಎರಡು ಜೀನ್‌ಗಳಿಗೆ ಮೂರನೆಯದನ್ನು ಸೇರಿಸಿದಾಗಿನ ವಿ2/3 ಮೌಲ್ಯ 0.15ಕ್ಕಿಂತ ಕಡಿಮೆಯಿದ್ದರೆ ಎರಡು ಜೀನ್ ಸಾಕು, ಮೂರನೆಯದು ಬೇಕಿಲ್ಲ.

ಅಭ್ಯರ್ಥಿ ಜೀನ್‌ಗಳನ್ನು ಬೇರೆ ಬೇರೆ ಜೈವಿಕ ಕಾರ್ಯಗಳಿಂದ ಆರಿಸಿಕೊಳ್ಳಿ. ಎಲ್ಲವೂ ಅಸ್ಥಿರವಾಗಿದ್ದರೂ ಈ ತಂತ್ರಾಂಶ ಯಾವುದೋ ಒಂದಕ್ಕೆ ಮೊದಲ ಸ್ಥಾನ ಕೊಟ್ಟೇ ಕೊಡುತ್ತದೆ. ಹಾಗಾಗಿ ಶ್ರೇಯಾಂಕದ ಪಕ್ಕದಲ್ಲೇ ಜಿನಾರ್ಮ್‌ನ ಎಂ ಮೌಲ್ಯವನ್ನೂ (ಕಡಿಮೆಯಿದ್ದಷ್ಟೂ ಜೀನ್ ಸ್ಥಿರ) ಓದಿ: ಏಕರೂಪದ ಮಾದರಿಗಳಲ್ಲಿ ಅದು 0.5ರ ಒಳಗಿರುವುದು ಒಳ್ಳೆಯದು, 1.5 ದಾಟಿದರೆ ಆ ಜೀನನ್ನು ಕೈಬಿಟ್ಟು ಬೇರೆಯದನ್ನು ಹುಡುಕಿ.