ಸೇಡಿನ ವಜಾಕ್ಕೆ ಉಚಿತ ವಕೀಲರು: ಬೆಳಗಾವಿ ಕಾರ್ಮಿಕರಿಗೆ ಎಷ್ಟು ಉಪಯೋಗ?

ಪಿಎಫ್ ಕಟ್ಟಿಲ್ಲವೆಂದು ದೂರು ಕೊಟ್ಟ ತಿಂಗಳಲ್ಲೇ ಕೆಲಸ ಹೋದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿ ಕಾರ್ಮಿಕ ಯಾರ ಬಾಗಿಲು ತಟ್ಟಬೇಕು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರ ಸೇವೆ ಇಂಥವರಿಗೂ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಕೈಗಾರಿಕಾ ಕಾರ್ಮಿಕರನ್ನು ಬೇರೆಯಾಗಿಯೇ ಹೆಸರಿಸಲಾಗಿದೆ. ಅವರಿಗೂ ಮಹಿಳೆಯರಿಗೂ ಪರಿಶಿಷ್ಟರಿಗೂ ಆದಾಯದ ಮಿತಿ ಇಲ್ಲ. ಯಾರಾದರೂ ಆದಾಯ ಪ್ರಮಾಣಪತ್ರ ಕೇಳಿದರೆ ಆ ಕಲಮು ತೋರಿಸಿ. ಸಹಾಯವಾಣಿ 15100.

ನಮ್ಮ ಲೆಕ್ಕದಲ್ಲಿ ಈ ಸೇವೆಗೆ ಐದಕ್ಕೆ ಮೂರು ಅಂಕ. ಎರಡು ಅಂಕ ಕಳೆದದ್ದು ಯಾಕೆಂದರೆ, ಜಗಳ ಮೊದಲು ಹೋಗುವ ಜಾಗದಲ್ಲಿ ಈ ವಕೀಲರು ಕಾಲಿಡುವಂತಿಲ್ಲ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಮುಂದೆ ಎರಡೂ ಕಡೆ ವಕೀಲರಿಗೆ ಅವಕಾಶವಿಲ್ಲ. (ಕಾನೂನು ಓದಿದ ಎಚ್‌ಆರ್ ಅಧಿಕಾರಿಯನ್ನು ಕಂಪನಿ ಕಳಿಸಿದರೆ ಅವರು ವಕೀಲರ ಲೆಕ್ಕಕ್ಕೆ ಬರುವುದಿಲ್ಲ, ಅದು ಬೇರೆ ಮಾತು.) ನೀವು ಸಂಘದ ಪದಾಧಿಕಾರಿಯನ್ನು ಕರೆದೊಯ್ಯಿರಿ. ಮುಂದೆ ಕಾರ್ಮಿಕ ನ್ಯಾಯಾಲಯದಲ್ಲೂ ವಕೀಲರು ನಿಲ್ಲಲು ಎದುರು ಪಕ್ಷದ ಒಪ್ಪಿಗೆ, ಕೋರ್ಟಿನ ಅನುಮತಿ ಎರಡೂ ಬೇಕು. ಕಂಪನಿಗೂ ವಕೀಲರು ಬೇಕಾಗಿರುವುದರಿಂದ ಇಲ್ಲಿ ತಕರಾರು ಕಡಿಮೆ.

ಹಾಗಾಗಿ ಉಚಿತ ವಕೀಲರಿಂದ ಮೊದಲು ಅರ್ಜಿ ಬರೆಸಿಕೊಳ್ಳಿ. ಹೋಗುವಾಗ ಪಗಾರ ಚೀಟಿ, ಆರೋಪ ಪಟ್ಟಿ, ಆಂತರಿಕ ವಿಚಾರಣೆಯ ಕಾಗದಗಳ ಜೊತೆ ಒಂದು ತಾರೀಖು ಪಟ್ಟಿಯೂ ಇರಲಿ: ದೂರು ಯಾವತ್ತು ಕೊಟ್ಟಿರಿ, ಕಂಪನಿಗೆ ಅದು ಯಾವತ್ತು ಗೊತ್ತಾಯಿತು, ನೋಟಿಸು ಯಾವತ್ತು, ವಜಾ ಯಾವತ್ತು. ದೂರಿನ ಸ್ವೀಕೃತಿ ಸೀಲು ಇಲ್ಲದಿದ್ದರೆ ‘ದೂರಿನ ಸುದ್ದಿಯೇ ನಮಗಿರಲಿಲ್ಲ’ ಎಂಬ ಒಂದೇ ಮಾತಿಗೆ ಸೇಡಿನ ವಾದ ಕುಸಿಯುತ್ತದೆ.

ಅಮೆರಿಕದಲ್ಲೂ ಗಂಟು ಬೀಳುವುದು ಈ ಕಾರಣದ ಪ್ರಶ್ನೆಯಲ್ಲೇ. ಯುಬಿಎಸ್ ಬ್ಯಾಂಕಿನ ವಿರುದ್ಧ ವಜಾಗೊಂಡ ನೌಕರ ಹೂಡಿದ ಮೊಕದ್ದಮೆಯಲ್ಲಿ, ಸೇಡಿನ ಉದ್ದೇಶವನ್ನೇ ಸಾಬೀತು ಮಾಡಬೇಕಿಲ್ಲ, ದೂರು ವಜಾಕ್ಕೆ ಕಾರಣವಾದ ಅಂಶಗಳಲ್ಲಿ ಒಂದೆಂದು ತೋರಿಸಿದರೆ ಸಾಕು ಎಂದು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಜ್ಯೂರಿಗೆ ಕೊಟ್ಟ ಸೂಚನೆಯಲ್ಲಿ ಈ ಸಂಬಂಧವನ್ನು ಅತಿ ಸಡಿಲವಾಗಿ ವಿವರಿಸಲಾಗಿತ್ತೆಂದು 2025ರಲ್ಲಿ ಮೇಲ್ಮನವಿ ಕೋರ್ಟ್, ನೌಕರ ಗೆದ್ದ ತೀರ್ಪನ್ನೇ ರದ್ದು ಮಾಡಿತು. ನಮ್ಮಲ್ಲಿ ಜ್ಯೂರಿ ಇಲ್ಲ. ನ್ಯಾಯಾಧೀಶರೇ ಕಾರಣ ಬರೆದು ತೀರ್ಪು ಕೊಡುತ್ತಾರೆ. ಮೇಲಿನ ಕೋರ್ಟು ನೋಡುವುದೂ ಆ ಬರಹವನ್ನೇ.

ಅರ್ಜಿಗೆ ಸಹಿ ಹಾಕುವ ಮುಂಚೆ ಒಂದು ಸಾಲು ಹುಡುಕಿ: ‘ವಜಾ ಆದಾಗಿನಿಂದ ಬೇರೆಲ್ಲೂ ಸಂಬಳದ ಕೆಲಸವಿಲ್ಲ.’ ನಿಮಗದು ನಿಜವಾಗಿದ್ದರೆ ಬರೆಸಲೇಬೇಕು. ಹಿಂಬಾಕಿ ಪಗಾರ (ವಜಾ ಆದ ಮೇಲಿನ ಅವಧಿಯದು) ಕೇಳುವವರು ಮೊದಲು ಇದನ್ನು ಹೇಳಬೇಕು, ಆಮೇಲೆ ಅದು ಸುಳ್ಳೆಂದು ತೋರಿಸುವ ಹೊಣೆ ಕಂಪನಿಯದು ಎಂದು ನಮ್ಮ ಸುಪ್ರೀಂ ಕೋರ್ಟಿನ 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪಿದೆ. ಎಲ್ಲ ಬಗೆಯ ಕೇಸು ನೋಡುವ ವಕೀಲರ ಕೈಯಲ್ಲಿ ಈ ಸಾಲು ಬಿಟ್ಟುಹೋಗುವುದು ಸುಲಭ. ಕೆಲಸ ವಾಪಸ್ ಸಿಕ್ಕರೂ ಹಿಂಬಾಕಿ ಕೈತಪ್ಪಬಹುದು.

ವಜಾ ಪ್ರಶ್ನಿಸಲು ಮೂರು ವರ್ಷ ಸಮಯವಿದೆ ಎಂಬ ಹಳೆಯ ಮಾತು ನಂಬಿ ಕೂರಬೇಡಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಈಗ ಗಡುವು ಎರಡೇ ವರ್ಷ. ಮೇಲ್ವಿಚಾರಕರಾಗಿದ್ದು ಪಗಾರ 18,000 ರೂಪಾಯಿ ದಾಟಿದರೆ ಸಂಧಾನಾಧಿಕಾರಿ, ಕಾರ್ಮಿಕ ನ್ಯಾಯಾಲಯದ ಈ ದಾರಿಯೇ ಇಲ್ಲ.

ಸೇವೆ ನಿಜಕ್ಕೂ ಬೆಲೆಬಾಳುವುದು ಗೆದ್ದ ಮೇಲೆ. ಕಾರ್ಮಿಕ ನ್ಯಾಯಾಲಯದ ತೀರ್ಪಿನ ಮೇಲೆ ಸಾಮಾನ್ಯ ಮೇಲ್ಮನವಿ ಇಲ್ಲ, ಕಂಪನಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತದೆ. ಅಲ್ಲಿಯ ಖರ್ಚು ಕಾರ್ಮಿಕನ ಕೈಗೆಟುಕುವಂಥದ್ದಲ್ಲ. ಆದರೆ ಜಿಲ್ಲೆಯಲ್ಲಿ ಕೊಟ್ಟ ವಕೀಲರು ತಾವಾಗಿ ಅಲ್ಲಿಗೆ ಬರುವುದಿಲ್ಲ. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠದ, ವಿಜಯಪುರದವರು ಕಲಬುರಗಿ ಪೀಠದ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಹೊಸದಾಗಿ ಅರ್ಜಿ ಕೊಡಬೇಕು. ರಿಟ್ ನೋಟಿಸು ಕೈಗೆ ಬಂದ ದಿನವೇ ಕೊಡಿ. ತಡವಾದರೆ ನಿಮ್ಮ ಪರ ಯಾರೂ ಇಲ್ಲದೆಯೇ ತಡೆಯಾಜ್ಞೆ ಬರಬಹುದು.